ಏಳನೇ ತರಗತಿಯ ಇಲಿಗಳು

ಶಾಲೆಯ ವಾರ್ಷಿಕೋತ್ಸವಕ್ಕೆ ಏಳನೇ ತರಗತಿಯಿಂದ ನಾಟಕ ಮಾಡಿಸುವ ಹೊಣೆ ನನಗೆ ಬಂದಾಗ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಆರಿಸಿಕೊಂಡೆ. ತರಗತಿಯಲ್ಲಿ 38 ಮಕ್ಕಳಿದ್ದರು, ಆ ಕಥೆಯಲ್ಲಿ ಇಲಿಗಳಿಗೆ ಲೆಕ್ಕವಿಲ್ಲ. ಒಂದು ಮಗುವನ್ನೂ ಪರದೆ ಎಳೆಯುವುದಕ್ಕಷ್ಟೇ ನಿಲ್ಲಿಸಬಾರದು ಎಂಬುದು ನನ್ನ ಹಟ.

ಅದಕ್ಕೂ ಹಿಂದೆ ನಾನು ಮಾಡಿಸಿದ್ದ ಎರಡು ನಾಟಕಗಳನ್ನು ಕೆಡಿಸಿದ್ದು ಮೈಕು. ಮಕ್ಕಳು ಒಬ್ಬೊಬ್ಬರಾಗಿ ಬಂದು ಅದರ ಮುಂದೆ ನಿಂತು ಮಾತು ಒಪ್ಪಿಸಿ ಹಿಂದೆ ಸರಿಯುತ್ತಿದ್ದರು. ರಾಜ ಮಂತ್ರಿಯ ಮುಖವನ್ನೇ ನೋಡುತ್ತಿರಲಿಲ್ಲ. ಈ ಸಲ ಮೈಕನ್ನು ಹಿಮ್ಮೇಳಕ್ಕೆ ಮಾತ್ರ ಕೊಟ್ಟೆ: ಹಾಡುವ ಆರು ಮಕ್ಕಳು, ಒಂದು ಹಾರ್ಮೋನಿಯಂ, ಒಂದು ಕಂಜಿರ. ಕಥೆಯನ್ನು ಅವರೇ ಹೇಳುತ್ತಾರೆ. ಗೌಡನಿಗೂ ಜೋಗಿಗೂ ಮಾತ್ರ ಸ್ವಂತ ದನಿಯ ಮಾತು.

ಆ ಇಬ್ಬರನ್ನು ಜಗಲಿಯ ಮೇಲೆ ನಿಲ್ಲಿಸಿ, ನಾನು ಗೇಟಿನ ಬಳಿಯ ಹೊಂಗೆ ಮರದಡಿ ಕುಳಿತೆ. ಮೊದಲು ಕಿರುಚಿದರು, ಗಂಟಲು ಕಟ್ಟಿಕೊಂಡಿತು. ಎರಡು ದಿನ ಕಿವಿಗೊಟ್ಟು ಕೇಳಿದ ಮೇಲೆ ತಪ್ಪು ಎಲ್ಲಿದೆ ಎಂದು ತಿಳಿಯಿತು. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಮಕ್ಕಳ ಉಸಿರು ಅಲ್ಲಿಗೆ ಬರುವಷ್ಟರಲ್ಲಿ ತೀರಿರುತ್ತದೆ. ಗೌಡ ಹಣ ಕೊಡುತ್ತಾನೋ ಇಲ್ಲವೋ ಎಂಬುದರ ಮೇಲೆಯೇ ನಿಂತಿರುವ ನಾಟಕದಲ್ಲಿ ‘ಕೊಡುತ್ತೇನೆ’, ‘ಕೊಡುವುದಿಲ್ಲ’ ಎರಡೂ ‘ಕೊಡು’ ಎಂದಷ್ಟೇ ಕೇಳಿಸುತ್ತಿದ್ದವು. “ಜೋರಾಗಿ ಹೇಳಬೇಡ, ಕೊನೆಯ ಪದಕ್ಕೆ ಉಸಿರು ಉಳಿಸಿಕೋ” ಎಂದೆ. ವಾರದೊಳಗೆ ಮಾತು ಹೊಂಗೆ ಮರದವರೆಗೂ ಬಂತು.

ಇಲಿಗಳಿಗೆ ಮೊದಲ ಎರಡು ವಾರ ಕಿವಿಯೂ ಇಲ್ಲ, ಬಾಲವೂ ಇಲ್ಲ. ಪದ್ಯದ ನಡೆ ನಾಲ್ಕು ನಾಲ್ಕು ಮಾತ್ರೆಯದು. ಗಣಕ್ಕೊಂದು ಹೆಜ್ಜೆಯಂತೆ ಮೈದಾನದ ಸುತ್ತ ಹಾಡುತ್ತಾ ನಡೆಸಿದೆ. ಕೂತು ಬಾಯಿಪಾಠ ಮಾಡಿ ಎಂದು ಒಮ್ಮೆಯೂ ಹೇಳಲಿಲ್ಲ, ಕಾಲಿಗೆ ಬಂದದ್ದು ನಾಲಿಗೆಗೂ ಬಂತು. ಓದಲು ತಡವರಿಸುವ ಹುಡುಗನೊಬ್ಬ ಎಲ್ಲರಿಗಿಂತ ಮೊದಲು ಪೂರ್ತಿ ಪದ್ಯ ಕಲಿತ. ಜೋಗಿಯ ಪಾತ್ರ ಮಾಡುತ್ತೀಯಾ ಎಂದು ಕೇಳಿದರೆ, “ಬೇಡ ಸರ್, ನಾನು ಇಲಿಯೇ ಆಗುತ್ತೇನೆ, ಮುಂದಿನ ಇಲಿ” ಎಂದ. ಮುಂದಿನ ಇಲಿಯಾಗಿ ಅವನು ಇಡೀ ಹಿಂಡಿನ ತಾಳ ಹಿಡಿದ. ರಟ್ಟಿನ ಕಿವಿ, ಗೋಣಿ ಹುರಿಯ ಬಾಲ, ಕಾಡಿಗೆಯ ಮೀಸೆ ಎಲ್ಲವನ್ನೂ ಮಕ್ಕಳೇ ಒಂದು ಶನಿವಾರ ಮಾಡಿ ಮುಗಿಸಿದರು.

ನನಗೆ ನಿದ್ದೆಗೆಡಿಸಿದ್ದು ಕೊನೆಯ ದೃಶ್ಯ. ಮಕ್ಕಳೆಲ್ಲ ಜೋಗಿಯ ಹಿಂದೆ ಬೆಟ್ಟದೊಳಗೆ ಹೋಗುತ್ತಾರೆ, ಕುಂಟ ಹುಡುಗನೊಬ್ಬ ಹೊರಗೆ ಉಳಿಯುತ್ತಾನೆ. ಆ ಪಾತ್ರದ ಹುಡುಗ ಕುಂಟಿದ ಕೂಡಲೇ ಉಳಿದವರೆಲ್ಲ ನಗುತ್ತಿದ್ದರು. ಅವರು ನಗುವಷ್ಟೂ ಅವನು ಹೆಚ್ಚು ಕುಂಟುತ್ತಿದ್ದ. ಬೈದು ಪ್ರಯೋಜನವಿರಲಿಲ್ಲ. ಅವನ ಬಲಮಂಡಿ ಮಡಿಯದಂತೆ ಎರಡು ಅಡಿಪಟ್ಟಿ ಇಟ್ಟು ಟವೆಲ್ ಸುತ್ತಿ ಕಟ್ಟಿದೆ. “ಕುಂಟಬೇಡ. ಅವರನ್ನು ಹಿಡಿಯಲು ನೋಡು, ಅಷ್ಟೇ” ಎಂದೆ. ಅವನು ನಿಜವಾಗಿ ಪ್ರಯತ್ನಪಟ್ಟ, ನಿಜವಾಗಿ ಹಿಂದೆ ಬಿದ್ದ. ನಗು ನಿಂತಿತು. ಆಮೇಲೆ ಸರದಿಯ ಮೇಲೆ ಎಲ್ಲ ಮಕ್ಕಳಿಗೂ ಒಂದೊಂದು ದಿನ ಆ ಪಟ್ಟಿ ಕಟ್ಟಿದೆ.

ಬೆಟ್ಟವೆಂದರೆ ನಾಲ್ವರು ಎತ್ತಿ ಹಿಡಿದ ಎರಡು ಕಂಬಳಿ. ಒಳಗೆ ಹೋದವರು ಸುಮ್ಮನಾಗಬಾರದು, ಕಂಬಳಿ ಕೂಡಿಕೊಂಡ ಮೇಲೂ ಹಾಡುತ್ತಾ, ದನಿ ಇಳಿಸುತ್ತಾ ಹೋಗಬೇಕು ಎಂದು ಹೇಳಿದ್ದೆ.

ವಾರ್ಷಿಕೋತ್ಸವದ ರಾತ್ರಿ ಹಾಗೆಯೇ ಆಯಿತು. ಹಾಡು ಸಣ್ಣದಾಗುತ್ತಾ ನಿಂತಿತು. ಹುಡುಗ ಊರಿನ ಕಡೆ ತಿರುಗಿ ಓಡಬೇಕಿತ್ತು, ಓಡಲಿಲ್ಲ. ಕಂಬಳಿಯ ಹತ್ತಿರ ಹೋಗಿ ಅಂಗೈಯಿಟ್ಟು, ಕಿವಿಯಾನಿಸಿ ನಿಂತ. ನಾನು ಹೇಳಿಕೊಟ್ಟದ್ದಲ್ಲ ಅದು. ಕಂಜಿರ ಹಿಡಿದಿದ್ದ ಹುಡುಗಿ ನನ್ನ ಕಡೆ ನೋಡಿದಳು, ಬಾರಿಸಬೇಡ ಎಂದು ಕೈಸನ್ನೆ ಮಾಡಿದೆ. ಚಾಪೆಯ ಮೇಲೆ ಕುಳಿತಿದ್ದ ಅಂಗನವಾಡಿಯ ಪುಟಾಣಿಯೊಂದು ಎದ್ದು ನಿಂತು, “ಬಾಗಿಲು ತೆಗೆಯಿರಿ” ಎಂದು ಕೂಗಿತು.