ತಂತಿಯಡಿ ಸ್ಕ್ರೂಡ್ರೈವರ್: ಗಿಟಾರಿನಲ್ಲಿ ಗಿಟಾರಿನದಲ್ಲದ ಸದ್ದು

ಎಲೆಕ್ಟ್ರಿಕ್ ಗಿಟಾರಿನ ಪಿಕಪ್‌ಗೆ ಕಿವಿಯಿಲ್ಲ. ಮೇಲಿರುವ ಉಕ್ಕಿನ ತಂತಿ ಅಲುಗಿದಾಗ ಅಯಸ್ಕಾಂತ ಕ್ಷೇತ್ರದಲ್ಲಾಗುವ ಏರುಪೇರನ್ನು ವಿದ್ಯುತ್ತಾಗಿಸಿ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಕಳಿಸುವುದಷ್ಟೇ ಅದರ ಕೆಲಸ. ಅಲುಗಿಸಿದ್ದು ಪಿಕ್ಕೋ, ಪಿಟೀಲಿನ ಕಮಾನೋ, ಅಡುಗೆಮನೆಯ ಚಮಚವೋ, ಅದಕ್ಕೆ ಎಲ್ಲವೂ ಒಂದೇ. ವಿಚಿತ್ರ ಸದ್ದು ಬೇಕೆಂದರೆ ಸದ್ದು ಬದಲಿಸುವ ಹೊಸ ಪೆಡಲ್ಲಿಗೆ ದುಡ್ಡು ಸುರಿಯುವ ಮೊದಲು ಮನೆಯ ಟೂಲ್ ಬಾಕ್ಸ್ ತೆರೆದು ನೋಡಿ ಎನ್ನುವುದು ಅದಕ್ಕೇ.

ಇಎಂಐ ಇನ್ನೂ ತೀರದ ಗಿಟಾರನ್ನು ಇದಕ್ಕೆ ತೆಗೆಯಬೇಡಿ. ಸೆಕೆಂಡ್ ಹ್ಯಾಂಡ್ ಗಿಟಾರ್ ಸಾಕು. ತಂತಿ ಮಾತ್ರ ತುಸು ದಪ್ಪವಿರಲಿ. 9ರ ಸೆಟ್ (ಅತಿ ತೆಳು ತಂತಿ 0.009 ಇಂಚಿನದು) ಬಹಳ ಸಡಿಲ, ಸಿಕ್ಕಿಸಿದ ವಸ್ತು ನಿಲ್ಲುವುದಿಲ್ಲ. 11ರ ಸೆಟ್ ಹಾಕಿ. ಉಕ್ಕಿನ ವಸ್ತುವನ್ನು ಪಿಕಪ್ ಹತ್ತಿರ ಒಯ್ದರೆ ಅದರ ಅಯಸ್ಕಾಂತ ಟಕ್ಕನೆ ಎಳೆದುಕೊಳ್ಳುತ್ತದೆ, ಆ ಹೊಡೆತಕ್ಕೆ ಸುರುಳಿ ಕೆಟ್ಟರೂ ಕೆಟ್ಟೀತು. ಆಂಪ್‌ನ ವಾಲ್ಯೂಮನ್ನು ಮೊದಲು ತಗ್ಗಿಸಿಟ್ಟುಕೊಳ್ಳಿ.

ಮೂರನೆಯ ಬ್ರಿಡ್ಜ್

ಕಲಿಯಲೇಬೇಕಾದ್ದು ಇದು. ಗಿಟಾರಿನ ತಂತಿಗೆ ಒಡಲಿನ ಕಡೆ ಬ್ರಿಡ್ಜ್ (ಕುದುರೆ), ಕತ್ತಿನ ತುದಿಯಲ್ಲಿ ನಟ್ ಎಂಬ ಪಟ್ಟಿ, ಹೀಗೆ ಎರಡು ಆಸರೆ; ಇವುಗಳ ನಡುವೆ ನಾವು ತೂರಿಸುವುದು ಮೂರನೆಯದು. ಡ್ರಮ್ ಬಾರಿಸುವ ಕೋಲು ಅಥವಾ ಉದ್ದನೆಯ ಸ್ಕ್ರೂಡ್ರೈವರನ್ನು ಆರೂ ತಂತಿಗಳ ಅಡಿಯಲ್ಲಿ, ಸರಿಯಾಗಿ 12ನೇ ಫ್ರೆಟ್‌ನ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಯ) ಮೇಲೆ ಅಡ್ಡಲಾಗಿ ತೂರಿಸಿ. ಫ್ರೆಟ್‌ಬೋರ್ಡ್ ಗೀಚದಂತೆ ಕೆಳಗೊಂದು ತೆಳ್ಳನೆಯ ಬಟ್ಟೆ ಇರಲಿ. ತಂತಿ ಮೇಲೆದ್ದು ಬಿಗಿಯಾಗುವುದರಿಂದ ಶ್ರುತಿ ಏರುತ್ತದೆ, ಮತ್ತೆ ಟ್ಯೂನ್ ಮಾಡಿಕೊಳ್ಳಿ. ಈಗ ಒಂದೊಂದು ತಂತಿಯೂ ಎರಡು ತಂತಿ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕ್ಯಾಸ್ಟರ್) ಮಾದರಿಯ ಗಿಟಾರಿನಲ್ಲಿ ತಂತಿಯ ಮಿಡಿಯುವ ಉದ್ದ 648 ಮಿ.ಮೀ.; ಅದು 324ರಂತೆ ಸಮಭಾಗವಾಯಿತು. ಬಿಡಿ ತಂತಿಯನ್ನು ಷಡ್ಜ ಎಂದುಕೊಂಡರೆ ಎರಡೂ ಕಡೆ ತಾರ ಷಡ್ಜ.

ಮಜಾ ಇರುವುದು ಎಡಗಡೆ, ಅಂದರೆ ನಟ್ ಕಡೆ ಮೀಟುವುದರಲ್ಲಿ. ಅಲ್ಲಿ ಪಿಕಪ್ ಇಲ್ಲ. ಮೀಟಿದ ಕಂಪನ ಕೋಲನ್ನು ದಾಟಿ ಬಲಗಡೆಯ ತುಂಡನ್ನು ಅಲುಗಿಸಿದರೆ ಮಾತ್ರ ಆಂಪ್‌ನಲ್ಲಿ ಸದ್ದು. ಎರಡು ತುಂಡುಗಳ ಶ್ರುತಿ ಹೊಂದಿದಲ್ಲಿ ಗಂಟೆಯಂಥ ನಾದ ತಡವಾಗಿ ಅರಳಿ ಬಹಳ ಹೊತ್ತು ನಿಲ್ಲುತ್ತದೆ. ಹೊಂದದ ಜಾಗದಲ್ಲಿ ಬರುವುದು ಮಂಕಾದ, ಜಾಗಟೆಯಂಥ ಸದ್ದು. ಅದೂ ಬೇಕಾಗುತ್ತದೆ, ಆದರೆ ಎಲ್ಲಿ ಯಾವುದು ಎಂದು ಗೊತ್ತಿರಬೇಕು.

ಕೋಲನ್ನು 7ನೇ ಫ್ರೆಟ್‌ಗೆ ತನ್ನಿ, ನಟ್‌ನಿಂದ 216 ಮಿ.ಮೀ. ಉದ್ದದ ಮೂರನೇ ಒಂದು ಭಾಗ. ಬಲಗಡೆ ಪಂಚಮ, ಎಡಗಡೆ ಅದರ ಮೇಲಿನ ಸ್ಥಾಯಿಯ ಪಂಚಮ. 5ನೇ ಫ್ರೆಟ್, ಅಂದರೆ 162 ಮಿ.ಮೀ.ಗೆ ತಂದರೆ ಬಲಗಡೆ ಶುದ್ಧ ಮಧ್ಯಮ, ಎಡಗಡೆ ಬಿಡಿ ತಂತಿಗಿಂತ ಎರಡು ಸ್ಥಾಯಿ ಮೇಲಿನ ಷಡ್ಜ. ಈ ಮೂರು ಜಾಗಗಳನ್ನು ಬೆರಳಿಗೆ ರೂಢಿಸಿಕೊಂಡ ಮೇಲೆ ಬೇಕೆಂತಲೇ ತಪ್ಪಿಸಿ. 12ನೇ ಫ್ರೆಟ್‌ನಿಂದ 3 ಮಿ.ಮೀ. ಆಚೆ ಸರಿಸಿ, ದಪ್ಪ ತಂತಿಯ ಎರಡೂ ಕಡೆ ಒಟ್ಟಿಗೆ ಮೀಟಿದರೆ ಸೆಕೆಂಡಿಗೆ ಸುಮಾರು ಮೂರು ಸಲ ಏರಿಳಿಯುವ ತೊನೆತ ಹುಟ್ಟುತ್ತದೆ. ತಂತಿ ಮೊಳಗುತ್ತಿರುವಾಗಲೇ ಕೋಲನ್ನು ನಿಧಾನಕ್ಕೆ ನಟ್ ಕಡೆ ಉರುಳಿಸಿ: ಎಡಗಡೆ ಸ್ವರ ಏರುತ್ತ, ಬಲಗಡೆ ಇಳಿಯುತ್ತ ಒಂದರಿಂದೊಂದು ದೂರ ಹೋಗುತ್ತವೆ. ಸದ್ದನ್ನು ತುಸು ತಡವಾಗಿ ಮರುಕಳಿಸುವ ಡಿಲೇ ಪೆಡಲ್ ಒಂದು ಜೊತೆಗಿದ್ದರೆ ಇಡೀ ಸಂಜೆ ಇದರಲ್ಲೇ ಕಳೆಯುತ್ತದೆ.

ನ್ಯೂಯಾರ್ಕಿನ ಸಾನಿಕ್ ಯೂತ್ ರಾಕ್ ತಂಡದ ಥರ್ಸ್ಟನ್ ಮೂರ್, ಲೀ ರನಾಲ್ಡೊ ಎಂಬತ್ತರ ದಶಕದಲ್ಲಿ ಈ ಕೋಲು, ಸ್ಕ್ರೂಡ್ರೈವರುಗಳನ್ನು ವೇದಿಕೆಗೆ ತಂದು ಹೆಸರು ಮಾಡಿದರು. ಅದಕ್ಕೂ ಮುಂಚೆ, 1974ರಲ್ಲಿ, ಇಂಗ್ಲೆಂಡಿನ ಫ್ರೆಡ್ ಫ್ರಿತ್ ನಟ್‌ನ ಮೇಲೇ ಇನ್ನೊಂದು ಪಿಕಪ್ ಕೂರಿಸಿ ಎಡಗಡೆಯ ಸದ್ದನ್ನೂ ನೇರವಾಗಿ ಹಿಡಿದಿದ್ದರು. ಡಚ್ ವಾದ್ಯ ತಯಾರಕ ಯೂರಿ ಲ್ಯಾಂಡ್‌ಮನ್ ರನಾಲ್ಡೊಗೆಂದು ಮಾಡಿಕೊಟ್ಟ ಗಿಟಾರಿನಲ್ಲಿ 18 ತಂತಿಗಳಿವೆ. ನುಡಿಸಲು ಆರು, ಉಳಿದ ಹನ್ನೆರಡು ನಮ್ಮ ಸಿತಾರಿನ ತರಬ್ ತಂತಿಗಳ ಹಾಗೆ ತಾವಾಗಿಯೇ ಮಿಡಿಯಲಿಕ್ಕೆ.

ಕಮಾನು

ಬ್ರಿಟಿಷ್ ರಾಕ್ ತಂಡ ಲೆಡ್ ಜೆಪಲಿನ್‌ನ ಗಿಟಾರ್ ವಾದಕ ಜಿಮ್ಮಿ ಪೇಜ್‌ರಿಂದಾಗಿ ಎಲ್ಲರೂ ಬಲ್ಲ ತಂತ್ರವಿದು. ಅವರಿಗಿಂತ ಮೊದಲೇ, 1966ರಲ್ಲಿ, ದಿ ಕ್ರಿಯೇಷನ್ ತಂಡದ ಎಡ್ಡಿ ಫಿಲಿಪ್ಸ್ ಗಿಟಾರಿನ ಮೇಲೆ ಕಮಾನು ಎಳೆದಿದ್ದರು. ಪಿಟೀಲಿನ ಕುದುರೆ ಬಾಗಿರುವುದರಿಂದ ಕಮಾನು ಒಂದೊಂದೇ ತಂತಿಗೆ ತಾಗುತ್ತದೆ. ಗಿಟಾರಿನ ಬ್ರಿಡ್ಜ್ ಹೆಚ್ಚುಕಮ್ಮಿ ಮಟ್ಟಸ. ಹಾಗಾಗಿ ಇಲ್ಲಿ ಎರಡೇ ದಾರಿ. ತುದಿಯ ತಂತಿಗಳನ್ನು, ಅಂದರೆ ಮೊದಲನೆಯದು ಅಥವಾ ಆರನೆಯದನ್ನು, ಓರೆಯಾಗಿ ಉಜ್ಜಬೇಕು. ಇಲ್ಲವೇ ಓಪನ್ ಟ್ಯೂನಿಂಗ್ (ಬಿಡಿ ತಂತಿಗಳೇ ಸೇರಿ ಒಂದು ಕಾರ್ಡ್ ಆಗುವ ಶ್ರುತಿ) ಮಾಡಿಕೊಂಡು ಎಲ್ಲವನ್ನೂ ಒಟ್ಟಿಗೆ ಎಳೆಯಬೇಕು. ಅಗ್ಗದ ಕಮಾನು ಸಾಕು, ಅದಕ್ಕೆ ರೋಸಿನ್ (ರಾಳ) ಮಾತ್ರ ಧಾರಾಳವಾಗಿ ಹಚ್ಚಿ. ಐಸ್‌ಲ್ಯಾಂಡಿನ ಸಿಗುರ್ ರೋಸ್ ತಂಡದ ಯೋನ್ಸಿ ಬಳಸುವುದು ಚೆಲ್ಲೋ ಕಮಾನನ್ನು. ಪಟ್ಟಿ ಅಗಲ, ಹಿಡಿತ ಹೆಚ್ಚು. ಬ್ರಿಡ್ಜ್ ಹತ್ತಿರ, ನಿಧಾನವಾಗಿ, ಒತ್ತಿ ಎಳೆಯಿರಿ. ರಿವರ್ಬ್ (ಪ್ರತಿಧ್ವನಿಯ ಪರಿಣಾಮ) ಇಲ್ಲದೆ ಕೇಳಿದರೆ ಬಾಗಿಲು ಕಿರ್ರೆಂದಂತಿರುತ್ತದೆ, ಹೆದರಬೇಡಿ. ಆಮೇಲೆ ತಂತಿಗೆ ಮೆತ್ತಿದ ಪುಡಿಯನ್ನು ಒರೆಸಿಡದಿದ್ದರೆ ಅಂಟಂಟಾಗಿ ಮರುದಿನ ಬೆರಳು ಜಾರುವುದಿಲ್ಲ.

ಕ್ಲಿಪ್ಪು, ಫಾಯಿಲ್

ವೈರಿಂಗ್ ಕೆಲಸದ ಕ್ರೊಕೊಡೈಲ್ ಕ್ಲಿಪ್ ಒಂದನ್ನು ಬ್ರಿಡ್ಜ್‌ನಿಂದ ನಾಲ್ಕು ಬೆರಳು ದೂರದಲ್ಲಿ ತಂತಿಗೆ ಕಚ್ಚಿಸಿ. ಆ ಒಂದು ಜಾಗದಲ್ಲಿ ತೂಕ ಬಿದ್ದು ಮೂಲ ಸ್ವರದ ಜೊತೆ ಮೊಳಗುವ ಅನುಸ್ವರಗಳೆಲ್ಲ ತಮ್ಮ ಲೆಕ್ಕ ತಪ್ಪುತ್ತವೆ, ತಂತಿ ಹೋಗಿ ತಟ್ಟೆ ಬಡಿದಂತಾಗುತ್ತದೆ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್‌ನ ಸಣ್ಣ ಪಟ್ಟಿಯನ್ನು ಬ್ರಿಡ್ಜ್ ಪಕ್ಕ ತಂತಿಗಳ ನಡುವೆ ಹೆಣೆದರೆ ಝುಂಯ್ಯೆನ್ನುತ್ತದೆ. ತಂಬೂರಿಯ ಕುದುರೆಯ ಮೇಲೆ ನೂಲೆಳೆ ಸರಿಸಿ ಝೇಂಕಾರ ಹುಡುಕಿದವರಿಗೆ ಈ ಕೆಲಸ ಹೊಸದೇನಲ್ಲ. ಅರ್ಧ ಮಿಲಿಮೀಟರ್ ಆಚೀಚೆಯಲ್ಲಿ ಸದ್ದು ಹುಟ್ಟುವುದೂ ಸಾಯುವುದೂ ಇದೆ.

ಸ್ವಿಚ್ಚು, ಹಮ್ಮು

ಲೆಸ್ ಪಾಲ್ ಮಾದರಿಯ ಗಿಟಾರಿನಲ್ಲಿ ಎರಡು ಪಿಕಪ್‌ಗೂ ಬೇರೆ ಬೇರೆ ವಾಲ್ಯೂಮ್ ಇರುತ್ತದೆ. ಒಂದನ್ನು ಸೊನ್ನೆಗೂ ಇನ್ನೊಂದನ್ನು ಹತ್ತಕ್ಕೂ ಇಟ್ಟು ಪಿಕಪ್ ಬದಲಿಸುವ ಟಾಗಲ್ ಸ್ವಿಚ್ಚನ್ನು ಪಟಪಟ ಆಡಿಸಿ. ಸದ್ದು ಕತ್ತರಿಸಿ ಕತ್ತರಿಸಿ ಬರುತ್ತದೆ, ಡಿಜೆ ರೆಕಾರ್ಡ್ ಉಜ್ಜಿದಂತೆ. ರೇಜ್ ಅಗೇನ್‌ಸ್ಟ್ ದ ಮಷೀನ್‌ನ ಟಾಮ್ ಮೊರೆಲ್ಲೊ ಇದರಿಂದಲೇ ಒಂದು ಶೈಲಿ ಕಟ್ಟಿದರು. ಒಂದೇ ವಾಲ್ಯೂಮ್ ಇರುವ ಸ್ಟ್ರಾಟ್‌ನಲ್ಲಿ ಹೀಗೆ ಬರುವುದಿಲ್ಲ, ಸದ್ದನ್ನೇ ಕಡಿಯುವ ಬೇರೆ ಕಿಲ್‌ಸ್ವಿಚ್ ಕೂರಿಸಬೇಕು.

ಮೊರೆಲ್ಲೊ ಅವರದೇ ಇನ್ನೊಂದು ಆಟ: ಕೇಬಲ್ಲನ್ನು ಗಿಟಾರಿನಿಂದ ಕಿತ್ತು ಜ್ಯಾಕ್‌ನ ತುದಿಯನ್ನು ಅಂಗೈಗೆ ತಟ್ಟುವುದು. ಕೇಳಿಸುವುದು ಕರೆಂಟಿನ ಹಮ್. ಅಮೆರಿಕದಲ್ಲಿ ಅದು 60 ಹರ್ಟ್ಸ್, ನಮ್ಮಲ್ಲಿ 50. ಮಂದ್ರದ ಜಿ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲೆ. ಜಿ ಶ್ರುತಿಯ ಹಾಡಿಗೆ ಸಲೀಸಾಗಿ ಕೂರುತ್ತದೆ. ಆದರೆ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ, ಟೂ ಪಿನ್ ಅಡಾಪ್ಟರಿಗೆ ಆಂಪ್ ಸಿಕ್ಕಿಸಿಕೊಂಡು ಇದಕ್ಕೆ ಕೈಹಾಕಲೇಬೇಡಿ. ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಫೀಡ್‌ಬ್ಯಾಕ್‌ಗೆ (ಆಂಪ್‌ನ ಸದ್ದೇ ಮತ್ತೆ ತಂತಿಯನ್ನು ಅಲುಗಿಸಿ ಹುಟ್ಟುವ ಕೂಗಿಗೆ) ಜಾಗ ಬೇಕು, ಸಹನೆಯುಳ್ಳ ನೆರೆಯವರೂ ಬೇಕು. ಗಿಟಾರ್ ಹಿಡಿದು ಆಂಪ್‌ನತ್ತ ಮುಖ ಮಾಡಿ ಒಂದು ಸ್ವರ ಒತ್ತಿ ನಿಲ್ಲಿ; ಹೆಜ್ಜೆ ಹಿಂದೆ ಮುಂದೆ ಇಟ್ಟಂತೆ ಬೇರೆ ಬೇರೆ ಸ್ವರ ಕೂಗತೊಡಗುತ್ತದೆ. 1977ರಲ್ಲಿ ಬರ್ಲಿನ್‌ನಲ್ಲಿ ಡೇವಿಡ್ ಬೋವಿಗೆ ನುಡಿಸುವಾಗ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಯಾವ ಸ್ವರಕ್ಕೆ ಎಲ್ಲಿ ನಿಲ್ಲಬೇಕೆಂದು ಸ್ಟುಡಿಯೊ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡಿದ್ದರು. ಅಪಾರ್ಟ್‌ಮೆಂಟಿನವರಿಗೆ ಇಬೋ ವಾಸಿ. ತಂತಿಯ ಮೇಲೆ ಹಿಡಿದರೆ ಅಯಸ್ಕಾಂತದಿಂದಲೇ ಅದನ್ನು ನಿಲ್ಲಿಸದೆ ಮಿಡಿಸುವ ಈ ಪುಟ್ಟ ಯಂತ್ರ ಕಡಿಮೆ ವಾಲ್ಯೂಮಿನಲ್ಲೂ ಕೆಲಸ ಮಾಡುತ್ತದೆ.

ಪವರ್ ಡ್ರಿಲ್? 1991ರಲ್ಲಿ ಗಿಟಾರ್ ವಾದಕರಾದ ಎಡ್ಡಿ ವ್ಯಾನ್ ಹೇಲನ್, ಪಾಲ್ ಗಿಲ್ಬರ್ಟ್ ಇಬ್ಬರೂ ಗಿಟಾರಿಗೆ ಅದನ್ನು ಬಳಸಿದ್ದಾಯಿತು. ನೋಡಲು ಚೆಂದ, ಸದ್ದಿನ ದೃಷ್ಟಿಯಿಂದ ಅಂಥದ್ದೇನಿಲ್ಲ. ಮೋಟಾರಿನ ಗುಂಯ್ಗುಡಿಕೆಯೇ ಬೇಕಿದ್ದರೆ ಬ್ಯಾಟರಿಯ ಟ್ರಿಮ್ಮರನ್ನು ತಂತಿಗೆ ತಾಗಿಸದೆ ಪಿಕಪ್ ಬಳಿ ಹಿಡಿಯಿರಿ.

ಬರೆದಿಡಿ

ಸಿಕ್ಕ ಸದ್ದನ್ನು ಮಾರನೇ ದಿನ ಮತ್ತೆ ತರುವುದೇ ಕಷ್ಟದ ಕೆಲಸ. ಸಾನಿಕ್ ಯೂತ್‌ನವರು ಒಂದೊಂದು ಟ್ಯೂನಿಂಗಿಗೆ ಒಂದೊಂದು ಗಿಟಾರನ್ನೇ ಮೀಸಲಿಟ್ಟಿದ್ದರು. 1999ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರ ಲಾರಿ ಸಾಮಾನಿನ ಸಮೇತ ಕಳುವಾದಾಗ ವರ್ಷಗಳಿಂದ ತಿದ್ದಿ ತೀಡಿದ್ದ ವಾದ್ಯಗಳೆಲ್ಲ ಒಂದೇಟಿಗೆ ಹೋದವು. ನಿಮ್ಮ ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ಅದರ ಜೊತೆಗೆ ಆರೂ ತಂತಿಗಳ ಶ್ರುತಿ, ಸಿಕ್ಕಿಸಿದ ವಸ್ತು, ನಟ್‌ನಿಂದ ಅದಕ್ಕಿರುವ ದೂರ ಮಿಲಿಮೀಟರ್‌ನಲ್ಲಿ, ಮೀಟಿದ್ದು ಯಾವ ಕಡೆ, ಯಾವ ಪಿಕಪ್ ಎಂದು ಬರೆದುಕೊಳ್ಳಿ. ವಸ್ತು ಕಳೆದುಹೋಗದಂತೆ ಗಿಟಾರ್ ಬ್ಯಾಗಿನ ಜೇಬಿಗೇ ಹಾಕಿಡಿ.