ಟೇಬಲ್ ಆಮೇಲೆ ತಗೊಳ್ಳಿ, ಮೊದಲು ಕರೆಂಟ್ ನೋಡಿ

ಮನೆಯಿಂದ ಕೆಲಸ ಅಂದ ತಕ್ಷಣ ಎಲ್ಲರೂ ಟೇಬಲ್ಲು, ಕುರ್ಚಿ ನೋಡೋಕೆ ಹೊರಡುತ್ತಾರೆ. ನಮ್ಮ ತುಮಕೂರಿನಂಥ ಊರಲ್ಲಿ ಮೊದಲು ನೋಡಬೇಕಾದ್ದು ಕರೆಂಟು, ಆಮೇಲೆ ಜಾಗ. ನಾನು ಬೆಂಗಳೂರಿನ ಆಡಿಟರ್ ಒಬ್ಬರಿಗೆ ಮನೆಯಿಂದಲೇ ಲೆಕ್ಕ ಬರೆಯುತ್ತೇನೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೇ ದಿನಗಳು. ಆ ದಿನ ಸಂಜೆ ಕರೆಂಟ್ ಹೋದರೆ ಎಷ್ಟು ಚೆಂದದ ಟೇಬಲ್ ಇದ್ದರೇನು ಬಂತು?

ಇನ್ವರ್ಟರ್ ಇದೆಯಲ್ಲ ಅಂತ ನಿಶ್ಚಿಂತೆಯಾಗಿ ಇರಬೇಡಿ. ಎಷ್ಟೋ ಮನೆಗಳಲ್ಲಿ ಆ ಲೈನು ಲೈಟು, ಫ್ಯಾನಿಗೆ ಮಾತ್ರ ಇರುತ್ತದೆ, ಪ್ಲಗ್ ಪಾಯಿಂಟಿಗೆ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ, ಕೆಲಸದ ಕೋಣೆಯ ಒಂದು ಚಿಕ್ಕ ಪ್ಲಗ್ ಪಾಯಿಂಟನ್ನು ಅದಕ್ಕೆ ಸೇರಿಸಿ. ಅದರ ಪಕ್ಕ ಸ್ಕೆಚ್ ಪೆನ್ನಲ್ಲಿ ಗುರುತು ಹಾಕಿಡಿ. ಇಲ್ಲದಿದ್ದರೆ ಯಾರಾದರೂ ಇಸ್ತ್ರಿ ಪೆಟ್ಟಿಗೆ ಹಾಕುತ್ತಾರೆ, ಇನ್ವರ್ಟರ್ ಕುಂಯ್ ಅಂತ ಕೂಗಿ ನಿಂತುಬಿಡುತ್ತದೆ.

ಬಹಳಷ್ಟು ಇನ್ವರ್ಟರ್‌ಗಳಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇಕೋ ಅಥವಾ ನಾರ್ಮಲ್. ಇಕೋದಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಅರೆಗಳಿಗೆ ತಡವಾಗುತ್ತದೆ. ಲೈಟಿಗೆ ಅದೇನೂ ಅಲ್ಲ, ಆದರೆ ರೌಟರ್ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಅಷ್ಟರಲ್ಲಿ ಮೀಟಿಂಗ್‌ನಿಂದ ನೀವು ಆಚೆ! ಯುಪಿಎಸ್ ಕಡೆ ತಿರುಗಿಸಿದರೆ ಈ ಕಾಟ ಇಲ್ಲ. ಅದರದ್ದೂ ಒಂದು ತಾಪತ್ರಯವಿದೆ. ವೋಲ್ಟೇಜ್ 180ರ ಆಸುಪಾಸಿಗೆ ಇಳಿದರೂ ಅದು ಬ್ಯಾಟರಿಗೆ ಹೋಗಿಬಿಡುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ ಕುಸಿಯುವ ಬೀದಿಯಲ್ಲಿ ಮನೆಯಿದ್ದರೆ, ಕರೆಂಟ್ ಇದ್ದೂ ಬ್ಯಾಟರಿ ಸದ್ದಿಲ್ಲದೆ ಖಾಲಿಯಾಗುತ್ತದೆ. ಲ್ಯಾಪ್‌ಟಾಪ್‌ನವರು ಇಕೋದಲ್ಲೇ ಇಟ್ಟು, ರೌಟರಿಗೆ ಒಂದು ಮಿನಿ ಯುಪಿಎಸ್ (ರೌಟರಿಗಷ್ಟೇ ಸಾಕಾಗುವ ಪುಟ್ಟ ಬ್ಯಾಟರಿ ಡಬ್ಬಿ) ತಗೊಳ್ಳುವುದು ವಾಸಿ. ತಗೊಳ್ಳುವ ಮೊದಲು ರೌಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಓದಿಕೊಳ್ಳಿ. ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ. ಡೆಸ್ಕ್‌ಟಾಪ್ ಇರುವವರು ಮಾತ್ರ ಸ್ವಿಚ್ಚನ್ನು ಯುಪಿಎಸ್ ಕಡೆಗೇ ಇಡಬೇಕು.

ಎಷ್ಟು ಹೊತ್ತು ಬರುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು. 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಅಂದರೆ ಅದರ 12 ವೋಲ್ಟಿನಿಂದ ಗುಣಿಸಿ, 1800 ವ್ಯಾಟ್-ಅವರ್. ಅದರಲ್ಲಿ ಮೂರನೇ ಒಂದು ಭಾಗ ಕೈಗೆ ಸಿಗುವುದಿಲ್ಲ ಅಂದುಕೊಳ್ಳಿ, ಉಳಿದದ್ದು 1200. ಲ್ಯಾಪ್‌ಟಾಪ್ 65, ಮಾನಿಟರ್ 25, ರೌಟರ್ 10, ಹಳೇ ಫ್ಯಾನ್ 75, ಒಟ್ಟು 175 ವ್ಯಾಟ್. 1200ನ್ನು 175ರಿಂದ ಭಾಗಿಸಿದರೆ ಆರೂವರೆ, ಏಳು ಗಂಟೆ. ನೋಡಿ, ಎಲ್ಲಕ್ಕಿಂತ ಜಾಸ್ತಿ ತಿನ್ನೋದು ಫ್ಯಾನೇ! ಬಿಎಲ್‌ಡಿಸಿ ಫ್ಯಾನ್ (ಕರೆಂಟ್ ಕಡಿಮೆ ತಿನ್ನುವ ಮೋಟರಿನದ್ದು) 30 ವ್ಯಾಟ್ ಆಸುಪಾಸಲ್ಲೇ ತಿರುಗುತ್ತದೆ. ದುರಸ್ತಿಗೆ ಕರೆಂಟ್ ತೆಗೆಯುವ ದಿನದ ಬೆಸ್ಕಾಂ ಪ್ರಕಟಣೆ ಪೇಪರಿನಲ್ಲಿ ಬರುತ್ತದೆ, ಬೆಳಿಗ್ಗೆ ಕಾಫಿ ಜೊತೆ ಅದನ್ನೂ ಒಂದು ಸಲ ನೋಡಿ.

ಈಗ ಜಾಗ. ಮಹಡಿ ಮೇಲೆ ಪಶ್ಚಿಮದ ಕೋಣೆ ಖಾಲಿ ಇದೆ ಅಂತ ಅಲ್ಲಿಗೆ ಹೋಗಬೇಡಿ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರರ ಮೇಲೆ ಆ ಗೋಡೆ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಬೇರೆ ಕೋಣೆಯೇ ಇಲ್ಲ ಅಂದರೆ ತಾರಸಿಗೆ ಬಿಳಿ ಬಣ್ಣ ಬಳಿಸಿ, ಇಲ್ಲವೇ ತೆಂಗಿನ ಗರಿ ಹಾಸಿ. ತಿಪಟೂರು ಇರುವ ಜಿಲ್ಲೆ ನಮ್ಮದು, ಗರಿಗೇನು ಬರ? ಗಾಳಿಗೆ ಹಾರದಂತೆ ಇಟ್ಟಿಗೆ ಹೇರಿ. ಉತ್ತರಕ್ಕೆ ಕಿಟಕಿ ಇದ್ದರೆ ಎಲ್ಲಕ್ಕಿಂತ ಒಳ್ಳೇದು. ಕಿಟಕಿ ಪಕ್ಕದಲ್ಲಿ ಬರುವ ಹಾಗೆ ಕೂತುಕೊಳ್ಳಿ. ಬೆನ್ನ ಹಿಂದೆ ಇದ್ದರೆ ಸ್ಕ್ರೀನ್ ಹೊಳೆಯುತ್ತದೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ.

ಹಳೇ ಮನೆಯ ದಪ್ಪ ಗೋಡೆಯಾದರೆ ವೈಫೈ ನಂಬಬೇಡಿ, ಲ್ಯಾನ್ ಕೇಬಲ್ ಎಳೆಸಿ. ಯಾವ ಕಂಪನಿಯ ಫೈಬರ್ ಚೆನ್ನಾಗಿದೆ ಅಂತ ಜಾಹೀರಾತು ನೋಡುವ ಬದಲು ಅದೇ ಬೀದಿಯವರನ್ನು ಕೇಳಿ. ಫೋನ್ ಸಿಮ್ ಬೇರೆ ಕಂಪನಿಯದ್ದಿರಲಿ, ಒಂದು ಕೈ ಕೊಟ್ಟರೆ ಇನ್ನೊಂದು ಇರುತ್ತದೆ.

ಟೇಬಲ್ ಯಾವುದಾದರೂ ಆದೀತು. ದುಡ್ಡು ಹಾಕುವುದಾದರೆ ಕುರ್ಚಿಗೆ ಹಾಕಿ. ಅಂಗಡಿಯಲ್ಲಿ ಎರಡು ನಿಮಿಷ ಕೂತು ಎದ್ದು ಬರಬೇಡಿ, ಒಂದು ಹತ್ತು ನಿಮಿಷ ಕೂತೇ ನೋಡಿ. ಅಂಗಡಿಯವರು ಏನಾದರೂ ಅಂದುಕೊಳ್ಳಲಿ. ಸಾಮಾನ್ಯ ಟೇಬಲ್ 29-30 ಇಂಚು ಎತ್ತರ ಇರುತ್ತದೆ. ನನ್ನಂಥ ಐದಡಿಯವರಿಗೆ ಅದು ಜಾಸ್ತಿಯೇ. ಮೊಣಕೈ ಟೇಬಲ್ ಮಟ್ಟಕ್ಕೆ ಬರಲಿ ಅಂತ ಕುರ್ಚಿ ಏರಿಸಿದರೆ ಕಾಲು ನೇತಾಡುತ್ತದೆ. ನಾನು ಊಟದ ಹಳೇ ಮಣೆಗಳನ್ನು ಒಂದರ ಮೇಲೊಂದು ಇಟ್ಟು ಅದರ ಮೇಲೆ ಕಾಲಿಡುತ್ತೇನೆ. ಲ್ಯಾಪ್‌ಟಾಪ್ ಕೆಳಗೆ ಹಳೇ ಲೆಡ್ಜರ್ ಪುಸ್ತಕಗಳಿವೆ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರದಲ್ಲಿರಬೇಕು. ಕೀಬೋರ್ಡ್ ಬೇರೆ ಬೇಕು, ಲೆಕ್ಕದವರಾದರೆ ಬಲಗಡೆ ನಂಬರ್ ಪ್ಯಾಡ್ ಇರುವುದನ್ನೇ ತಗೊಳ್ಳಿ.

ಕೊನೆಗೆ ಮನೆಯವರು. "ಹೇಗೂ ಮನೇಲೇ ಇದೀಯಲ್ಲಮ್ಮ, ಹಾಲು ನೋಡ್ಕೋ" ಅನ್ನುವುದು ಸಹಜ, ಅಲ್ವಾ? ಸುಮ್ನೆ ಮುನಿಸಿಕೊಂಡು ಪ್ರಯೋಜನವಿಲ್ಲ. ಅತ್ತೆಯವರೂ ನಾನೂ ಮಾತಾಡಿಕೊಂಡಿದ್ದೇವೆ: ಬಾಗಿಲು ಪೂರ್ತಿ ಹಾಕಿದ್ದರೆ ಫೋನಲ್ಲಿದ್ದೇನೆ, ಓರೆ ಮಾಡಿದ್ದರೆ ಕರೆಯಬಹುದು. ತಿಂಗಳ 19, 20ನೇ ತಾರೀಖು ಮಾತ್ರ ಹಾಲೂ ಅವರದೇ, ಕುಕ್ಕರೂ ಅವರದೇ.