ಬಿ.ಇಡಿ. ಇಂಟರ್ನ್‌ಶಿಪ್: ಕೊನೆಯ ಎರಡು ವಾರ ಹೀಗಿರಲಿ

ಎರಡು ವರ್ಷದ ಬಿ.ಇಡಿ. ಕೋರ್ಸಿನಲ್ಲಿ ಶಾಲಾ ಇಂಟರ್ನ್‌ಶಿಪ್ ಕನಿಷ್ಠ 20 ವಾರ ಇರಬೇಕೆಂಬುದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮ. ಮೊದಲ ವರ್ಷ 4 ವಾರ, ಎರಡನೆಯ ವರ್ಷ 16. ಎರಡನೆಯ ವರ್ಷದ ಹದಿನಾಲ್ಕು ವಾರ ಹೇಗೋ ಸಾಗುತ್ತವೆ. ಉಳಿದ ಎರಡರಲ್ಲಿ ಪ್ರಶಿಕ್ಷಣಾರ್ಥಿಗಳು ಸ್ಟಾಫ್ ರೂಮಿನ ಮೂಲೆ ಹಿಡಿದು ರೆಕಾರ್ಡ್ ಬರೆಯುತ್ತಾರೆ, ಮಕ್ಕಳು ತರಗತಿಯಲ್ಲಿ ನೋಟ್ಸ್ ನಕಲು ಮಾಡುತ್ತಾರೆ. ಗಣಿತದ ಮಾರ್ಗದರ್ಶಿ ಶಿಕ್ಷಕಿಯಾಗಿ ಇದನ್ನು ಎಷ್ಟೋ ಬಾರಿ ಕಂಡಿದ್ದೇನೆ. ನೀವು ಹೋದ ಮರುದಿನ ಆ ತರಗತಿಗೆ ಹೋಗಬೇಕಾದವಳು ನಾನೇ ಆದ್ದರಿಂದ ಕೆಲವು ಮಾತು.

ಮೊದಲು ಉಳಿದ ಪೀರಿಯಡ್‌ಗಳನ್ನು ಎಣಿಸಿ. ರಜೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ ಎಲ್ಲವನ್ನೂ ಕಳೆಯಿರಿ. ಅಷ್ಟರಲ್ಲಿ ಮುಗಿಯದ ಘಟಕವನ್ನು ಆರಂಭಿಸಲೇಬೇಡಿ. ಪಾಠ ಯೋಜನೆಗಳ ಸಂಖ್ಯೆ ತುಂಬಿಸಲು ಅರ್ಧ ಪಾಠ ಮಾಡಿ ಹೋದರೆ, ಅದನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ಘಟಕ ಪರೀಕ್ಷೆ ಕೊನೆಯ ದಿನಕ್ಕಿಂತ ಹತ್ತು ದಿನ ಮೊದಲೇ ನಡೆಯಲಿ. ಯಾವುದಕ್ಕೆ ಎಷ್ಟು ಅಂಕ ಎಂದು ತೋರಿಸುವ ಕೋಷ್ಟಕ, ಅಂದರೆ ನೀಲನಕ್ಷೆ ಮೊದಲು, ಪ್ರಶ್ನೆಪತ್ರಿಕೆ ಆಮೇಲೆ. ಪ್ರಶ್ನೆಪತ್ರಿಕೆ ಬರೆದು, ಅದಕ್ಕೆ ಹೊಂದುವಂತೆ ಜ್ಞಾನ, ಗ್ರಹಿಕೆ, ಅನ್ವಯ, ಕೌಶಲಗಳ ಅಂಕಗಳನ್ನು ಕೋಷ್ಟಕದಲ್ಲಿ ಕೂರಿಸುವ ಕಲೆ ಎಲ್ಲರಿಗೂ ಗೊತ್ತಿದೆ. ನಾನೂ ಒಂದು ಕಾಲದಲ್ಲಿ ಮಾಡಿದ್ದೇನೆ. ಆದರೆ ಪರೀಕ್ಷೆಯ ನಿಜವಾದ ಫಲ ಉತ್ತರಪತ್ರಿಕೆಯಲ್ಲಿದೆ. ಯಾವ ಪ್ರಶ್ನೆಯಲ್ಲಿ ಎಷ್ಟು ಮಕ್ಕಳು ತಪ್ಪಿದರು, ಹೇಗೆ ತಪ್ಪಿದರು ಎಂದು ಪಟ್ಟಿ ಮಾಡಿ. ಎಂಟನೆಯ ತರಗತಿಯ ಬೀಜಗಣಿತದಲ್ಲಿ, ಆವರಣದ ಹೊರಗೆ ಋಣ ಚಿಹ್ನೆ ಇದ್ದಾಗ ಮೊದಲ ಪದದ ಚಿಹ್ನೆಯನ್ನು ಬದಲಿಸಿ ಎರಡನೆಯದನ್ನು ಹಾಗೆಯೇ ಬಿಡುವವರು ತುಂಬಾ ಮಂದಿ. ಇಂಥವರನ್ನೆಲ್ಲ ಒಟ್ಟಿಗೆ ಕೂರಿಸಿ ಎರಡು ಪೀರಿಯಡ್ ಕಲಿಸಿದರೆ ಅದೇ ಪರಿಹಾರ ಬೋಧನೆ. ರೆಕಾರ್ಡಿಗೆ ಬೇಕಾದ ಸಾಮಗ್ರಿಯೂ ಅಲ್ಲೇ ಸಿಗುತ್ತದೆ, ಕಲ್ಪಿಸಿ ಬರೆಯಬೇಕಾಗಿಲ್ಲ. ನೋಡಿದ ಪತ್ರಿಕೆಗಳನ್ನು ಮಕ್ಕಳ ಕೈಗೆ ಕೊಟ್ಟೇ ಹೊರಡಿ.

ಒಂದು ಮಗುವನ್ನು ಹತ್ತಿರದಿಂದ ಗಮನಿಸಿ ಬರೆಯುವ ವ್ಯಕ್ತಿ ಅಧ್ಯಯನದ ವರದಿಯಲ್ಲಿ ಆ ಮಗುವಿನ ನಿಜವಾದ ಹೆಸರು ಬೇಡ. ತಂದೆಯ ಕುಡಿತ, ಮನೆಯ ಸಾಲ ಇವನ್ನೆಲ್ಲ ಆ ಹುಡುಗ ನಿಮ್ಮನ್ನು ನಂಬಿ ಹೇಳಿರುತ್ತಾನೆ. ವರದಿಯೋ ಹತ್ತು ಜನರ ಕೈ ದಾಟುತ್ತದೆ.

ಇನ್ನು ಸಹಿ. ಒಮ್ಮೆ ಒಬ್ಬ ಪ್ರಶಿಕ್ಷಣಾರ್ಥಿ ಕೊನೆಯ ದಿನ ಸಂಜೆ ಐದು ರೆಕಾರ್ಡ್ ಹೊತ್ತು ಬಂದಳು. ಮುಖ್ಯೋಪಾಧ್ಯಾಯರು ಬಿಇಒ ಕಚೇರಿಯ ಸಭೆಗೆ ಹೋಗಿದ್ದರು, ಮೊಹರು ಬೀರುವಿನಲ್ಲಿ, ಬೀಗದ ಕೈ ಅವರ ಜೇಬಿನಲ್ಲಿ. ವಾರಕ್ಕೊಮ್ಮೆ ಸಹಿ ಹಾಕಿಸಿಕೊಳ್ಳುತ್ತಾ ಬಂದರೆ ಈ ಪಾಡು ಇರುವುದಿಲ್ಲ. ಪ್ರಮಾಣಪತ್ರದಲ್ಲಿ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯೇ, ಆರಂಭ ಮತ್ತು ಮುಕ್ತಾಯದ ದಿನಾಂಕಗಳು ಹಾಜರಿ ಪುಸ್ತಕಕ್ಕೆ ಹೊಂದುತ್ತವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಒಂದು ಜೆರಾಕ್ಸ್ ನಿಮ್ಮ ಬಳಿ ಇರಲಿ.

ಮಾರ್ಗದರ್ಶಿ ಶಿಕ್ಷಕರಿಗೆ ಒಂದು ಪುಟದ ಟಿಪ್ಪಣಿ ಬರೆದುಕೊಡಿ: ಯಾವ ಅಭ್ಯಾಸದವರೆಗೆ ಆಗಿದೆ, ಯಾರಿಗೆ ಇನ್ನೂ ತಿಳಿದಿಲ್ಲ, ಯಾರ ನೋಟ್‌ಬುಕ್ ನೋಡುವುದು ಬಾಕಿ ಇದೆ. ಇದನ್ನು ಯಾವ ಕಾಲೇಜೂ ಕೇಳುವುದಿಲ್ಲ, ಅಂಕವೂ ಇಲ್ಲ. ಗ್ರಂಥಾಲಯದ ಪುಸ್ತಕ, ಪ್ರಯೋಗಾಲಯದ ಸಾಮಾನು ವಾಪಸು ಮಾಡುವುದನ್ನು ಹೇಳಬೇಕಾಗಿಲ್ಲ.

ಬೀಳ್ಕೊಡುಗೆಗೆ ಮಕ್ಕಳು ಹಣ ಕೂಡಿಸತೊಡಗುವ ಮೊದಲೇ ಉಡುಗೊರೆ ಬೇಡವೆಂದು ತಿಳಿಸಿ. ಕೊನೆಯ ಪೀರಿಯಡ್‌ನಲ್ಲಿ ಚೀಟಿ ಹಂಚಿ, ಹೆಸರು ಹಾಕದೆ ನಿಮ್ಮ ಪಾಠದ ಬಗ್ಗೆ ಬರೆಯಲು ಹೇಳಿ. ನಮ್ಮಲ್ಲಿಗೆ ಬಂದಿದ್ದ ಒಬ್ಬರಿಗೆ ಸಿಕ್ಕ ಚೀಟಿಗಳಲ್ಲಿ ಹೆಚ್ಚಿನವು ‘ಚೆನ್ನಾಗಿ ಪಾಠ ಮಾಡಿದಿರಿ’ ಎಂದವು. ಒಂದರಲ್ಲಿ ಮಾತ್ರ ಹೀಗಿತ್ತು: ‘ಸರ್, ನೀವು ಬೋರ್ಡಿನ ಕೆಳಗಡೆ ಬರೆದದ್ದು ಹಿಂದಿನ ಬೆಂಚಿಗೆ ಒಂದು ದಿನವೂ ಕಾಣಲಿಲ್ಲ.’